ಬಾದಾಮಿ, ಪಟ್ಟದಕಲ್ಲು, ಐಹೊಳೆ ಒಂದೇ ದಿನದಲ್ಲಿ: ನೆಂಟರನ್ನು ಕರೆದುಕೊಂಡು ಹೋಗುವವರಿಗೆ ಹಂತ ಹಂತದ ಮಾರ್ಗದರ್ಶಿ

ದಿಲ್ಲಿಯ ಗೆಳೆಯರೋ, ಅಮೆರಿಕದಿಂದ ಬಂದ ಅಣ್ಣನ ಮಕ್ಕಳೋ, ಯಾರೋ ಒಬ್ಬರು ಮನೆಗೆ ಬರುತ್ತಾರೆ. ಅವರನ್ನು ಚಾಲುಕ್ಯರ ಊರುಗಳಿಗೆ ಕರೆದುಕೊಂಡು ಹೋಗೋಣ ಎಂದು ಹೊರಟವರು ಹೆಚ್ಚಿನಂಶ ಒಂದೇ ಜಾಗದಲ್ಲಿ ಎಡವುತ್ತಾರೆ. ಬಾದಾಮಿಯಲ್ಲಿ ಉಳಿದಿರುತ್ತಾರೆ, ಹತ್ತಿರದಲ್ಲೇ ಇದೆಯಲ್ಲ ಎಂದು ತಿಂಡಿ ಮುಗಿಸಿ ಒಂಬತ್ತೂವರೆಗೆ ಗುಹೆ ಹತ್ತುತ್ತಾರೆ, ಹನ್ನೆರಡಕ್ಕೆ ಪಟ್ಟದಕಲ್ಲಿನ ಬಟ್ಟಬಯಲಿನಲ್ಲಿ ನೆತ್ತಿ ಸುಟ್ಟುಕೊಳ್ಳುತ್ತಾರೆ, ಊಟ ಎಲ್ಲಿ ಎಂದು ಹುಡುಕುತ್ತಾ ಒಂದು ಗಂಟೆ ಕಳೆಯುತ್ತಾರೆ, ಐಹೊಳೆ ಮುಟ್ಟುವಷ್ಟರಲ್ಲಿ ನೆಂಟರು ಕಾರಿನಿಂದ ಇಳಿಯಲು ಒಲ್ಲೆ ಅನ್ನುತ್ತಾರೆ. ಐಹೊಳೆ ಹೀಗೇ ಪ್ರತಿ ಸಲ ತಪ್ಪಿಹೋಗುತ್ತದೆ.

ಪರಿಹಾರ ಸರಳ. ದಿನವನ್ನು ತಿರುಗಿಸಿಬಿಡಿ. ದೂರದ ಐಹೊಳೆಗೆ ಮೊದಲು, ಆಮೇಲೆ ಪಟ್ಟದಕಲ್ಲು, ಮಧ್ಯಾಹ್ನದ ಮೇಲೆ ಬಾದಾಮಿ. ಕೆಳಗಿನದೆಲ್ಲ ಬಾದಾಮಿಯಲ್ಲಿ ಹಿಂದಿನ ರಾತ್ರಿ ಉಳಿದಿದ್ದೀರಿ ಎಂದುಕೊಂಡು ಬರೆದದ್ದು. ಹುಬ್ಬಳ್ಳಿಯಿಂದ ಬೆಳಿಗ್ಗೆ ಹೊರಟು ಮೂರೂ ನೋಡಿ ರಾತ್ರಿ ವಾಪಸ್ ಹೋಗುವವರು ಒಂದು ಊರನ್ನು ಕೈಬಿಡಿ. ಹುಬ್ಬಳ್ಳಿ–ಬಾದಾಮಿ ಸುಮಾರು 105 ಕಿ.ಮೀ., ಹೋಗಿ ಬರುವುದರಲ್ಲೇ ಅರ್ಧ ದಿನ ಕರಗುತ್ತದೆ.

## ಹಂತ 1: ದಿನ ಆರಿಸುವುದು

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾರ್ಚ್ ಕೊನೆಯಿಂದ ಮೇವರೆಗೆ ಬಾಗಲಕೋಟೆ ಕಡೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಆಗ ಹೊರಗಿನವರನ್ನು ಕರೆದುಕೊಂಡು ಬರಲೇಬೇಡಿ ಎಂದೇ ನನ್ನ ಸಲಹೆ. ಮಳೆಗಾಲದಲ್ಲಿ ಬಾದಾಮಿಯ ಬಂಡೆಗಳ ಮೇಲಿಂದ ನೀರು ಧುಮುಕುವುದು ನೋಡಲು ಚೆಂದ, ಆದರೆ ಮೆಟ್ಟಿಲು ಜಾರುತ್ತವೆ. ಮಲಪ್ರಭೆ ಉಕ್ಕಿದರೆ ಪಟ್ಟದಕಲ್ಲಿಗೇ ನೀರು ನುಗ್ಗುತ್ತದೆ, 2019ರ ಆಗಸ್ಟ್‌ನಲ್ಲಿ ಹಾಗೇ ಆಯಿತು. ಜೋರು ಮಳೆಯ ವಾರವಾದರೆ ಹೊರಡುವ ಮೊದಲು ಲಾಡ್ಜಿನವರನ್ನು ರಸ್ತೆ ಹೇಗಿದೆ ಎಂದು ಕೇಳಿ.

ಶುಕ್ರವಾರ ಬೇಡ. ಅಂದು ಬಾದಾಮಿ ಮತ್ತು ಐಹೊಳೆಯ ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ರಜೆ. ಭಾನುವಾರ ಮತ್ತು ಡಿಸೆಂಬರ್‌ನ ಶಾಲಾ ಪ್ರವಾಸದ ದಿನಗಳಲ್ಲಿ ಗುಹೆಗಳ ಮುಂದೆ ನಿಲ್ಲಲೂ ಜಾಗ ಇರುವುದಿಲ್ಲ. ಇನ್ನೊಂದು ವಿಷಯ: ಜನವರಿಯ ಬನದ ಹುಣ್ಣಿಮೆಯ ಸುತ್ತಮುತ್ತ ಬನಶಂಕರಿ ಜಾತ್ರೆ ಇರುತ್ತದೆ. ಜಾತ್ರೆ ನೋಡಲೆಂದೇ ಬಂದರೆ ಸರಿ. ಶಿಲ್ಪ ನೋಡಲು ಬಂದವರಿಗೆ ಆ ದಿನಗಳಲ್ಲಿ ರೂಮೂ ಸಿಗುವುದಿಲ್ಲ, ರಸ್ತೆಯೂ ಬಿಡುವಿರುವುದಿಲ್ಲ.

## ಹಂತ 2: ಹಿಂದಿನ ದಿನವೇ ಮುಗಿಸಬೇಕಾದ ಕೆಲಸ

ಗಾಡಿ. ಬಾದಾಮಿ–ಐಹೊಳೆ ಸುಮಾರು 35 ಕಿ.ಮೀ., ಐಹೊಳೆ–ಪಟ್ಟದಕಲ್ಲು 14, ಪಟ್ಟದಕಲ್ಲು–ಬಾದಾಮಿ 22. ದೂರ ಜಾಸ್ತಿ ಅಲ್ಲ, ಆದರೆ ಬಸ್ಸು ನಂಬಿಕೊಂಡು ಮೂರೂ ಊರು ಒಂದೇ ದಿನ ಆಗುವುದಿಲ್ಲ. ಬಾದಾಮಿಯಲ್ಲೇ ಟ್ಯಾಕ್ಸಿ ಮಾತಾಡಿ. ಮಾತಾಡುವಾಗ ಮೂರೂ ಊರು, ವೇಟಿಂಗ್, ಪಾರ್ಕಿಂಗ್ ಎಲ್ಲ ಸೇರಿ ಎಷ್ಟು ಎಂದು ಕೇಳಿ, ಬೆಳಿಗ್ಗೆ ಆರಕ್ಕೇ ಹೊರಡಬೇಕು ಎಂದು ಎರಡು ಸಲ ಹೇಳಿ. "ಐಹೊಳೆಯಲ್ಲಿ ಅಷ್ಟು ಬೇಗ ಏನೈತ್ರಿ" ಎಂದು ಡ್ರೈವರ್ ಗೊಣಗಿದರೆ ಬೇರೆ ಗಾಡಿ ನೋಡಿ. ಗೊಣಗುವವರು ಏಳೂವರೆಗೆ ಬರುತ್ತಾರೆ.

ಟಿಕೆಟ್. ಬೇಕಾಗುವುದು ಮೂರು ಕಡೆ: ಬಾದಾಮಿ ಗುಹೆಗಳು, ಪಟ್ಟದಕಲ್ಲು, ಐಹೊಳೆಯ ದುರ್ಗ ಗುಡಿಯ ಆವರಣ. ನಮಗೆ ಬಾದಾಮಿ ಮತ್ತು ಐಹೊಳೆಯಲ್ಲಿ ತಲಾ 25 ರೂಪಾಯಿ, ಪಟ್ಟದಕಲ್ಲಿನಲ್ಲಿ 40. ವಿದೇಶಿಯರಿಗೆ 300, 300 ಮತ್ತು 600. ಆನ್‌ಲೈನ್‌ನಲ್ಲಿ ಸ್ವಲ್ಪ ಕಡಿಮೆ. ದರ ಆಗಾಗ ಬದಲಾಗುತ್ತದೆ, ಬೋರ್ಡ್ ನೋಡಿಕೊಳ್ಳಿ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ರಾತ್ರಿ ರೂಮಿನ ವೈಫೈನಲ್ಲೇ ಟಿಕೆಟ್ ತೆಗೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಹಳ್ಳಿಗಳಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ, ಗೇಟಿನ ಮುಂದೆ ಕ್ಯೂಆರ್ ಸ್ಕ್ಯಾನ್ ಮಾಡುತ್ತಾ ಫೋನನ್ನು ಆಕಾಶಕ್ಕೆ ಎತ್ತಿ ನಿಂತವರನ್ನು ಎಷ್ಟೋ ಸಲ ನೋಡಿದ್ದೇನೆ.

ಕಾಗದ ಪತ್ರ. ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಕೊಡುವ ಕಾರ್ಡ್) ಇರುವವರಿಗೆ ಸ್ಮಾರಕಗಳಲ್ಲಿ ಭಾರತೀಯರ ದರವೇ ಅನ್ವಯ. ಆದರೆ ಕಾರ್ಡ್ ಕೈಯಲ್ಲಿರಬೇಕು. ಅದನ್ನು ಬೆಂಗಳೂರಿನ ಬೀರುವಿನಲ್ಲಿ ಬಿಟ್ಟು ಬಂದು ಕೌಂಟರಿನಲ್ಲಿ ಕನ್ನಡದಲ್ಲಿ ಎಷ್ಟೇ ವಾದ ಮಾಡಿದರೂ ಕೆಲಸಕ್ಕೆ ಬರುವುದಿಲ್ಲ. ವಿದೇಶಿ ಪಾಸ್‌ಪೋರ್ಟಿನವರು ಉಳಿಯುವ ಲಾಡ್ಜ್ 24 ಗಂಟೆಯೊಳಗೆ ಅವರ ವಿವರದ ಫಾರ್ಮ್ ತುಂಬಿ ಸರ್ಕಾರಕ್ಕೆ ಕೊಡಬೇಕು. ಸಣ್ಣ ಲಾಡ್ಜ್‌ಗಳು ಈ ರಗಳೆ ಬೇಡವೆಂದು ರೂಮೇ ಕೊಡದಿರಬಹುದು, ಬುಕ್ ಮಾಡುವಾಗಲೇ ಫೋನ್ ಮಾಡಿ ಕೇಳಿ.

## ಹಂತ 3: ಚೀಲದಲ್ಲಿ ಏನಿರಬೇಕು

ಒಬ್ಬರಿಗೆ ಎರಡು ಲೀಟರ್ ನೀರು. ಟೋಪಿ. ಸುಲಭವಾಗಿ ಬಿಚ್ಚಿ ಹಾಕುವ ಚಪ್ಪಲಿ ಅಥವಾ ಶೂ. ಬಾಳೆಹಣ್ಣು, ಬಿಸ್ಕತ್ತು, ಓಆರ್‌ಎಸ್ ಪುಡಿ. ಚಿಲ್ಲರೆ ದುಡ್ಡು.

ಎರಡು ವಸ್ತುಗಳನ್ನು ಎಲ್ಲರೂ ಮರೆಯುತ್ತಾರೆ. ಒಂದು, ದಪ್ಪ ಕಾಲುಚೀಲ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲಿ ಈಗಲೂ ಪೂಜೆ ನಡೆಯುತ್ತದೆ, ಚಪ್ಪಲಿ ಹೊರಗೆ ಬಿಡಬೇಕು, ಹನ್ನೊಂದರ ಬಿಸಿಲಿಗೆ ಆ ಕಲ್ಲು ಹಂಚಿನ ಹಾಗೆ ಕಾಯುತ್ತದೆ. ಎರಡು, ಒಂದು ಒಳ್ಳೆಯ ಟಾರ್ಚ್. ಗುಡಿಗಳ ಒಳಗೆ ಕತ್ತಲು. ಕಂಬದ ಮೇಲಿನ ಸಣ್ಣ ಕೆತ್ತನೆ ಬರಿಗಣ್ಣಿಗೆ ಕಾಣುವುದೇ ಇಲ್ಲ. ಟಾರ್ಚನ್ನು ಎದುರಿಗೆ ಹಿಡಿಯಬೇಡಿ, ಪಕ್ಕದಿಂದ ಓರೆಯಾಗಿ ಬಿಡಿ. ನೆರಳು ಬಿದ್ದಾಗ ಕೆತ್ತನೆ ಎದ್ದು ಬರುತ್ತದೆ.

ಟ್ರೈಪಾಡ್, ಡ್ರೋನ್ ತರಬೇಡಿ. ಅನುಮತಿ ಇಲ್ಲದೆ ಎರಡನ್ನೂ ಬಿಡುವುದಿಲ್ಲ.

## ಹಂತ 4: ಬೆಳಿಗ್ಗೆ 7ರಿಂದ 10, ಐಹೊಳೆ

ಆರಕ್ಕೆ ಬಿಟ್ಟರೆ ಏಳರ ಸುಮಾರಿಗೆ ಐಹೊಳೆ. ಇಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ಎಲ್ಲ ತೋರಿಸುತ್ತೇನೆ ಎಂದು ಹೊರಟವರು ಹತ್ತನೆಯ ಗುಡಿಗೆ ನೆಂಟರನ್ನು ಕಳೆದುಕೊಳ್ಳುತ್ತಾರೆ. ನಾಲ್ಕೇ ಸಾಕು. ಅದೂ ಈ ಕ್ರಮದಲ್ಲಿ.

ಮೇಗುತಿ ಗುಡ್ಡ ಮೊದಲು. ಇಡೀ ದಿನದಲ್ಲಿ ನೆರಳಿಲ್ಲದ ಏರು ಇದೊಂದೇ, ತಂಪಿರುವಾಗಲೇ ಹತ್ತಿಬಿಡಿ. ದಾರಿಯಲ್ಲಿ ಎರಡಂತಸ್ತಿನ ಬೌದ್ಧ ಗುಡಿ ಸಿಗುತ್ತದೆ, ಮೇಲೆ ಜೈನ ಬಸದಿ. ಬಸದಿಯ ಪೂರ್ವದ ಹೊರಗೋಡೆಯಲ್ಲಿ ಇಮ್ಮಡಿ ಪುಲಕೇಶಿಯ ಶಾಸನವಿದೆ, ಕ್ರಿ.ಶ. 634ರದ್ದು, ಬರೆದವನು ರವಿಕೀರ್ತಿ. ನರ್ಮದೆಯ ದಡದಲ್ಲಿ ಹರ್ಷವರ್ಧನನನ್ನು ತಡೆದ ಸಂಗತಿ ಇದರಲ್ಲಿದೆ. ತನ್ನ ಕಾವ್ಯ ಕಾಳಿದಾಸ, ಭಾರವಿಯರಿಗೆ ಸಮ ಎಂದು ರವಿಕೀರ್ತಿ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಾನೆ. ಉತ್ತರದಿಂದ ಬಂದ ನೆಂಟರಿಗೆ ಹರ್ಷನ ಹೆಸರು ಶಾಲೆಯಿಂದಲೇ ಗೊತ್ತಿರುತ್ತದೆ, ಹಾಗಾಗಿ ಇಡೀ ದಿನಕ್ಕೆ ಇದು ಒಳ್ಳೆಯ ಬಾಗಿಲು. ಶಾಸನವನ್ನು ಮುಟ್ಟಲು ಬಿಡಬೇಡಿ. ಅಕ್ಷರ ಎದ್ದು ಕಾಣಲೆಂದು ನೀರು, ಸೀಮೆಸುಣ್ಣ ಹಚ್ಚುವ ಕೆಟ್ಟ ಅಭ್ಯಾಸ ಕೆಲವರಿಗಿದೆ, ಅದಂತೂ ಬೇಡವೇ ಬೇಡ.

ಮಂಡಿ ನೋವಿರುವ ಹಿರಿಯರು ಜೊತೆಗಿದ್ದರೆ ಮೇಗುತಿ ಬಿಡಿ. ಬಾದಾಮಿಯ ಮೆಟ್ಟಿಲಿಗೆ ಕಾಲು ಉಳಿದಿರಬೇಕು.

ರಾವಣಫಡಿ. ಸಣ್ಣ ಗುಹೆ. ಹತ್ತು ಕೈಗಳ ನಟರಾಜ, ಸುತ್ತ ಸಪ್ತಮಾತೃಕೆಯರು. ಒಳಗೆ ಹೋದ ಕೂಡಲೇ ಏನೂ ಕಾಣುವುದಿಲ್ಲ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ, ಎರಡು ನಿಮಿಷ ಸುಮ್ನೆ ನಿಲ್ಲಿ. ಇಲ್ಲಿ ಅವಸರ ಮಾಡುವವರು ಒಂದು ಫೋಟೋ ಹೊಡೆದು ಹೊರಬರುತ್ತಾರೆ, ಆಮೇಲೆ ಫೋಟೋದಲ್ಲಿ ನೋಡಿ ಅಯ್ಯೋ ಇದೂ ಇತ್ತಾ ಎನ್ನುತ್ತಾರೆ.

ದುರ್ಗ ಗುಡಿ. ಹಿಂಭಾಗ ಅರ್ಧವೃತ್ತಾಕಾರದಲ್ಲಿರುವ, ಸುತ್ತಲೂ ಕಂಬಸಾಲಿನ ಪಡಸಾಲೆ ಇರುವ ಗುಡಿ. ಎಲ್ಲರೂ ನೇರ ಗರ್ಭಗುಡಿಗೆ ನುಗ್ಗುತ್ತಾರೆ, ಅಲ್ಲಿ ನೋಡುವುದಕ್ಕೆ ಏನೂ ಇಲ್ಲ. ಇರುವುದೆಲ್ಲ ಪಡಸಾಲೆಯ ಗೋಡೆಗೂಡುಗಳಲ್ಲಿ: ಮಹಿಷಮರ್ದಿನಿ, ನರಸಿಂಹ, ವರಾಹ, ಹರಿಹರ, ನಂದಿಗೆ ಒರಗಿ ನಿಂತ ಶಿವ. ಪ್ರದಕ್ಷಿಣೆಯ ದಿಕ್ಕಿನಲ್ಲಿ ನಿಧಾನವಾಗಿ ಒಂದು ಸುತ್ತು ಬನ್ನಿ.

ಲಾಡಖಾನ್ ಗುಡಿ ಅದೇ ಆವರಣದಲ್ಲಿದೆ. ನೆಂಟರನ್ನು ಒಳಗೆ ಕೂರಿಸಿ, ನೀರು ಕುಡಿಸಿ, ಬಾಳೆಹಣ್ಣನ್ನು ಮಾತ್ರ ಹೊರಗೆ ಬಂದಮೇಲೆ ತಿನ್ನಿಸಿ. ಮ್ಯೂಸಿಯಂ ಪಕ್ಕದಲ್ಲೇ ಇದೆ, ಹೊತ್ತಿದ್ದರೆ ಹೋಗಿ. ಟಾಯ್ಲೆಟ್ಟಿಗೆ ಹೋಗುವುದನ್ನು ಮರೆಯಬೇಡಿ, ಈ ದಾರಿಯಲ್ಲಿ ಸಿಕ್ಕ ಕಡೆ ಹೋಗಿಬಿಡುವುದೇ ಜಾಣತನ.

ಎಚ್ಚರಿಕೆಯ ಗುರುತು: ಹತ್ತೂಕಾಲಾದರೂ ನೀವಿನ್ನೂ ಐಹೊಳೆಯಲ್ಲೇ ಇದ್ದರೆ ಹುಚ್ಚಿಮಲ್ಲಿ ಗುಡಿ, ಅದು ಇದು ಎಲ್ಲ ಬಿಟ್ಟು ಗಾಡಿ ಹತ್ತಿ. ಇಲ್ಲಿ ತಡವಾದ ಅರ್ಧ ಗಂಟೆಯನ್ನು ಪಟ್ಟದಕಲ್ಲಿನ ಬಿಸಿಲಿನಲ್ಲಿ ತೀರಿಸಬೇಕಾಗುತ್ತದೆ.

## ಹಂತ 5: ಬೆಳಿಗ್ಗೆ 10.30ರಿಂದ 12.30, ಪಟ್ಟದಕಲ್ಲು

ದಿನದ ನಟ್ಟನಡುವಿನ ಊರು, ಕೆಡಿಸಿಕೊಳ್ಳುವುದೂ ಇಲ್ಲೇ ಜಾಸ್ತಿ. 1987ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ, ಹುಲ್ಲುಹಾಸು ಚೊಕ್ಕಟ, ಗುಡಿಗಳೆಲ್ಲ ಒಂದೇ ಆವರಣದಲ್ಲಿ. ಅದೇ ಮೋಸ. ಎಲ್ಲ ಹತ್ತಿರ ಇದೆ ಎಂದು ಮೊದಲ ಗುಡಿಯಿಂದಲೇ ಒಂದೊಂದಾಗಿ ಶುರು ಮಾಡುತ್ತಾರೆ. ಗೇಟಿನ ಕಡೆಯ ಸಣ್ಣ ಗುಡಿಗಳಲ್ಲೇ ಮುಕ್ಕಾಲು ಗಂಟೆ ಹೋಗಿ, ಆವರಣದ ಆ ತುದಿಯ ವಿರೂಪಾಕ್ಷ ಬರುವಷ್ಟರಲ್ಲಿ ಸಾಕಪ್ಪಾ ಅನಿಸಿರುತ್ತದೆ.

ಹೀಗೆ ಮಾಡಿ. ಸಣ್ಣವನ್ನು ದಾಟಿ ಸೀದಾ ವಿರೂಪಾಕ್ಷಕ್ಕೆ ಹೋಗಿ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಇದು, ಎಂಟನೆಯ ಶತಮಾನದ್ದು. ಮೊದಲು ನಂದಿಮಂಟಪ, ಆಮೇಲೆ ಒಳಗಿನ ಕಂಬಗಳು. ಕಂಬಗಳ ಮೇಲೆ ರಾಮಾಯಣ, ಮಹಾಭಾರತದ ಕಥೆಗಳು ಪಟ್ಟಿ ಪಟ್ಟಿಯಾಗಿ ಸಾಗುತ್ತವೆ. ಟಾರ್ಚ್ ಕೊಟ್ಟು, ಯಾವ ಕಥೆ ಎಂದು ನೆಂಟರೇ ಹುಡುಕಲಿ ಎಂದು ಬಿಡಿ, ಮಕ್ಕಳಿದ್ದರೆ ಅವರೇ ಮುಂದಾಗುತ್ತಾರೆ. ಪೂಜೆ ನಡೆಯುತ್ತಿದ್ದರೆ ಕ್ಯಾಮೆರಾ ಕೆಳಗಿಳಿಸಿ, ಗರ್ಭಗುಡಿಯ ಫೋಟೋ ಬೇಡ.

ಅಲ್ಲಿಂದ ಪಕ್ಕದ ಮಲ್ಲಿಕಾರ್ಜುನ. ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದ್ದು. ಅದರ ಬಗಲಲ್ಲೇ ಕಾಶಿ ವಿಶ್ವನಾಥ. ಈ ಎರಡೂ ಶಿಖರ ಒಟ್ಟಿಗೆ ಕಾಣುವ ಹಾಗೆ ನೆಂಟರನ್ನು ನಿಲ್ಲಿಸಿ. ಒಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಅದು ದ್ರಾವಿಡ. ಇನ್ನೊಂದು ಬಾಗಿಕೊಂಡು ಮೇಲೆ ಹೋಗುತ್ತದೆ, ಅದು ನಾಗರ. ಇಷ್ಟು ತೋರಿಸಿದರೆ ಸಾಕು, ಮುಂದಿನ ಗುಡಿಗಳಲ್ಲಿ ಯಾವುದು ಯಾವ ಬಗೆ ಎಂದು ಅವರೇ ಹೇಳತೊಡಗುತ್ತಾರೆ. ವೇಸರ, ಅಧಿಷ್ಠಾನ, ಶುಕನಾಸಿ ಎಂದೆಲ್ಲ ಪಾಠ ಶುರು ಮಾಡಿದಿರೋ, ಕೇಳುವವರ ಕಣ್ಣು ಫೋನಿಗೆ ಹೋಗುತ್ತದೆ.

ವಾಪಸ್ ಬರುವ ದಾರಿಯಲ್ಲಿ ಸಂಗಮೇಶ್ವರ, ಗಳಗನಾಥ ನೋಡಿಕೊಂಡು ಬನ್ನಿ. ಕಾಲಿದ್ದರೆ ದಕ್ಷಿಣಕ್ಕೆ ನದಿಯ ಬದಿಯಲ್ಲಿ ಸ್ವಲ್ಪ ದೂರ ನಡೆದು ಪಾಪನಾಥ ನೋಡಿ. ಆವರಣದಿಂದ ಸರಿದು ಇರುವುದರಿಂದ ಹೆಚ್ಚಿನವರಿಗೆ ಅದು ಇರುವುದೇ ಗೊತ್ತಿಲ್ಲ. ಹೊರಗೋಡೆಯ ರಾಮಾಯಣದ ಸಾಲು ನನ್ನ ಪ್ರಕಾರ ಇಡೀ ಊರಿನಲ್ಲಿ ಮಕ್ಕಳಿಗೆ ತೋರಿಸಲು ಎಲ್ಲಕ್ಕಿಂತ ಒಳ್ಳೆಯದು.

ಗೈಡ್ ಬೇಕಾ? ದಿನಕ್ಕೆ ಒಂದು ಕಡೆ ಸಾಕು, ಅದು ಪಟ್ಟದಕಲ್ಲೇ ಆಗಲಿ. ಗುರುತಿನ ಚೀಟಿ ನೋಡಿ, ಯಾವ ಭಾಷೆ, ಎಷ್ಟು ಹೊತ್ತು, ಎಷ್ಟು ದುಡ್ಡು ಎಂದು ಮೊದಲೇ ಮಾತಾಡಿ. ಮೊದಲ ಹತ್ತು ನಿಮಿಷ ಬರೀ ಮಿಥುನ ಶಿಲ್ಪಗಳನ್ನೇ ತೋರಿಸಿ ಕಣ್ಣು ಮಿಟುಕಿಸುವವರಾದರೆ ಮಾತಾಡಿದ್ದು ಕೊಟ್ಟು ಕಳಿಸಿಬಿಡಿ.

ಎಚ್ಚರಿಕೆಯ ಗುರುತು: ನೆಂಟರು ಮಾತು ಕಡಿಮೆ ಮಾಡಿದರೆ, ತಲೆನೋವು ಅಂದರೆ, ನೆರಳು ಹುಡುಕಿ ಕೂತರೆ ಅವರಿಗೆ ಬೇಸರ ಬಂದಿದೆ ಎಂದುಕೊಳ್ಳಬೇಡಿ, ಬಿಸಿಲು ಹೊಡೆದಿರಬಹುದು. ಅಲ್ಲಿಗೇ ನಿಲ್ಲಿಸಿ, ನೆರಳಿಗೆ ಕರೆದೊಯ್ದು ಓಆರ್‌ಎಸ್ ಕುಡಿಸಿ. ಮಾತು ತೊದಲಿದರೆ, ಗಲಿಬಿಲಿಗೊಂಡರೆ, ಮೈ ಕೆಂಡವಾದರೆ ಒದ್ದೆ ಬಟ್ಟೆಯಿಂದ ಮೈ ತಂಪು ಮಾಡುತ್ತಲೇ ಆಸ್ಪತ್ರೆಗೆ ಹೊರಡಿ.

## ಹಂತ 6: ಮಧ್ಯಾಹ್ನ 1ರಿಂದ 3.30, ಊಟ ಮತ್ತು ನಿದ್ದೆ

ಊಟಕ್ಕೆ ಬಾದಾಮಿಗೇ ಬನ್ನಿ. ಐಹೊಳೆ, ಪಟ್ಟದಕಲ್ಲಿನಲ್ಲಿ ಚಹಾ, ಎಳನೀರು, ಚುರುಮುರಿ ಸಿಗಬಹುದು, ಸಮಾಧಾನದ ಊಟ ಕಷ್ಟ. ಬಾದಾಮಿಯಲ್ಲಿ ಯಾವುದಾದರೂ ಖಾನಾವಳಿಗೆ ಹೋಗಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಹೇಳಿ. ಹೊರಗಿನವರಿದ್ದರೆ ಕೆಂಪು ಚಟ್ನಿ ತಟ್ಟೆಯ ತುದಿಯಲ್ಲಿರಲಿ, ಮೊಸರು ಮೊದಲೇ ಬರಲಿ. ಖಾರ ಕಡಿಮೆ ಮಾಡಿ ಎಂದು ಹೇಳಿದರೆ ಹೂಂ ಅನ್ನುತ್ತಾರೆ, ಅವರ ಕಡಿಮೆ ಬೇರೆ, ನಿಮ್ಮ ನೆಂಟರ ಕಡಿಮೆ ಬೇರೆ.

ಊಟವಾದ ಮೇಲೆ ರೂಮಿಗೆ ಹೋಗಿ ಒಂದು ಗಂಟೆ ಮಲಗಿ. ಇದನ್ನು ಹೇಳಿದರೆ ಎಲ್ಲರೂ ನಗುತ್ತಾರೆ, ಟೈಮ್ ವೇಸ್ಟ್ ಅಲ್ವಾ ಅಂತ. ಈ ಒಂದು ಗಂಟೆ ಇಲ್ಲದಿದ್ದರೆ ಸಂಜೆಯ ಬಾದಾಮಿ ದಕ್ಕುವುದಿಲ್ಲ. ಮಹಾಕೂಟ, ಬನಶಂಕರಿ ಎರಡನ್ನೂ ಇದೇ ಹೊತ್ತಿನಲ್ಲಿ ತುರುಕುವುದು ಮಾಮೂಲಿ ತಪ್ಪು. ನೆಂಟರು ಇನ್ನೊಂದು ದಿನ ಉಳಿಯುವುದಾದರೆ ಮರುದಿನ ಬೆಳಿಗ್ಗೆಗೆ ಇಟ್ಟುಕೊಳ್ಳಿ.

## ಹಂತ 7: ಮಧ್ಯಾಹ್ನ 3.30ರಿಂದ 5, ಬಾದಾಮಿ ಗುಹೆಗಳು

ಗುಹೆಗಳು ಗುಡ್ಡದ ಉತ್ತರದ ಮೈಯಲ್ಲಿವೆ, ಹಾಗಾಗಿ ಮಧ್ಯಾಹ್ನದ ಮೇಲೂ ಒಳಗೆ ತಂಪು. ಗೇಟು ಎಷ್ಟಕ್ಕೆ ಹಾಕುತ್ತಾರೆ ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.

ಹತ್ತುವ ಮೊದಲು ಕೋತಿಗಳ ವಿಷಯ. ಚೀಲದಿಂದ ತಿನ್ನುವ ವಸ್ತುಗಳನ್ನೆಲ್ಲ ತೆಗೆದು ಕಾರಿನಲ್ಲಿಡಿ. ಪ್ಲಾಸ್ಟಿಕ್ ಕವರ್ ಕೈಯಲ್ಲಿ ಹಿಡಿಯಲೇಬೇಡಿ, ಒಳಗೆ ಏನಿದೆ ಎನ್ನುವುದು ಕೋತಿಗೆ ಮುಖ್ಯವಲ್ಲ. ನೀರಿನ ಬಾಟಲಿ ಚೀಲದೊಳಗೆ, ತಂಪು ಕನ್ನಡಕ ಜೇಬಿನೊಳಗೆ. ಕೋತಿ ಹಲ್ಲು ತೋರಿಸಿದರೆ ನಗುತ್ತಿದೆ ಎಂದು ವಿದೇಶಿ ನೆಂಟರು ಸೆಲ್ಫಿಗೆ ಬಾಗುತ್ತಾರೆ, ಅದು ಬೆದರಿಕೆ. ಕಣ್ಣಿಗೆ ಕಣ್ಣಿಟ್ಟು ನೋಡದೆ ನಿಧಾನವಾಗಿ ಹಿಂದೆ ಸರಿಯಿರಿ. ಏನಾದರೂ ಕಿತ್ತುಕೊಂಡರೆ ಎಳೆದಾಡಬೇಡಿ, ಬಿಟ್ಟುಬಿಡಿ. ಪರಚಿದರೆ ಅಥವಾ ಕಚ್ಚಿದರೆ ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ಕೇಳಿ. ನಾಳೆ ನೋಡೋಣ ಎನ್ನಬೇಡಿ.

ಗುಹೆಗಳು ನಾಲ್ಕು. ಮೊದಲನೆಯದರಲ್ಲಿ 18 ಕೈಗಳ ನಟರಾಜ, ಬಾಗಿಲಿಗೆ ಹೋಗುವ ಮೊದಲೇ ಬಲಗಡೆ. ಎರಡನೆಯದರಲ್ಲಿ ಹೆಚ್ಚು ನಿಲ್ಲಬೇಡಿ, ಅಲ್ಲಿರುವ ತ್ರಿವಿಕ್ರಮ, ವರಾಹರೇ ಮೇಲೆ ಇನ್ನೂ ದೊಡ್ಡದಾಗಿ ಸಿಗುತ್ತಾರೆ. ಹೊತ್ತು ಕೊಡಬೇಕಾದದ್ದು ಮೂರನೆಯದಕ್ಕೆ. ಕ್ರಿ.ಶ. 578ರ ಶಾಸನವಿರುವ, ಚಾಲುಕ್ಯರ ಮಂಗಳೇಶ ಕೊರೆಸಿದ ಗುಹೆ. ಆದಿಶೇಷನ ಸುರುಳಿಯ ಮೇಲೆ ಕೂತ ವಿಷ್ಣು ಪಡಸಾಲೆಯ ತುದಿಯಲ್ಲಿದ್ದಾನೆ. ಅವನನ್ನು ನೋಡಿದ ಮೇಲೆ ತಲೆ ಎತ್ತಿ, ಕಂಬದ ತಲೆಯ ಬೋದಿಗೆಗಳಲ್ಲಿ ಗಂಡು ಹೆಣ್ಣಿನ ಜೋಡಿಗಳಿವೆ, ಸೂರಿನ ಕೆಳಗೆ ಹಳೆಯ ಬಣ್ಣದ ಚಿತ್ರದ ಗುರುತು ಉಳಿದಿದೆ. ನಾಲ್ಕನೆಯದು ಜೈನ ಗುಹೆ, ಚಿಕ್ಕದು. ಅದರ ಮುಂದಿನ ಕಟ್ಟೆಯಿಂದ ಅಗಸ್ತ್ಯ ತೀರ್ಥ ಎಂಬ ಕೆರೆ ಇಡಿಯಾಗಿ ಕಾಣುತ್ತದೆ.

ಮೂರನೆಯದರ ಹೊತ್ತಿಗೆ ಮಂಡಿ ದೂರು ಹೇಳತೊಡಗುತ್ತದೆ. ಹಿರಿಯರಿದ್ದರೆ ಮೊದಲನೆಯದನ್ನು ತೋರಿಸಿ ಅಲ್ಲೇ ಕೂರಿಸಿ, ಯಾರಾದರೂ ಒಬ್ಬರು ಜೊತೆಗಿರಿ. ಒಬ್ಬರನ್ನೇ ಬಿಟ್ಟರೆ ಕೋತಿಗಳ ಕಾಟ.

## ಹಂತ 8: ಸಂಜೆ 5ರ ಮೇಲೆ, ಕೆರೆ ಮತ್ತು ಭೂತನಾಥ

ಗುಹೆ ಇಳಿದು ಕೆರೆಯ ಆ ದಡಕ್ಕೆ, ಮ್ಯೂಸಿಯಂ ಕಡೆ ಹೋಗಿ. ಊರೊಳಗಿನ ಓಣಿ ಇಕ್ಕಟ್ಟು, ಕಾರು ಹೊರಗೇ ಬಿಟ್ಟು ನಡೆಯುವುದು ಮೇಲು. ದಂಡೆ ಹಿಡಿದು ಹೋದರೆ ಪೂರ್ವದ ತುದಿಯಲ್ಲಿ ಭೂತನಾಥ ಗುಡಿ. ಇಳಿಬಿಸಿಲು ನೇರ ಅದರ ಮುಖಕ್ಕೆ ಬೀಳುತ್ತದೆ, ಬಾದಾಮಿಯನ್ನು ಕೊನೆಗೆ ಇಟ್ಟದ್ದಕ್ಕೆ ಅರ್ಧ ಕಾರಣ ಇದು. ಬೆಳಿಗ್ಗೆ ಬಂದವರಿಗೆ ಗುಡಿಯ ಬೆನ್ನ ಹಿಂದೆ ಸೂರ್ಯ ಇರುತ್ತಾನೆ, ಫೋಟೋ ಕಪ್ಪಾಗಿ ಬರುತ್ತದೆ.

ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸರಿರುತ್ತಾರೆ. ಕೇಳದೆ ಫೋಟೋ ತೆಗೆಯಬಾರದೆಂದು ನೆಂಟರಿಗೆ ಮೊದಲೇ ಹೇಳಿ, ಅಲ್ಲಿ ಹೋಗಿ ಕಣ್ಸನ್ನೆ ಮಾಡಿದರೆ ತಡವಾಗಿರುತ್ತದೆ. ಕನ್ನಡ ಓದುವ ನೆಂಟರಾದರೆ ಕೆರೆಯ ಈಶಾನ್ಯದ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನವನ್ನೂ ಹುಡುಕಿ. ಸುಮಾರು ಕ್ರಿ.ಶ. 700ರದ್ದು, ಅದರಲ್ಲಿ ತ್ರಿಪದಿಗಳಿವೆ, ಅಂದರೆ ಮೂರು ಸಾಲಿನ ಪದ್ಯಗಳು. ಕತ್ತಲಾದ ಮೇಲೆ ಆ ಬಂಡೆಗಳ ಕಡೆ ಹೋಗುವುದು ಬೇಡ, ಬೆಳಕಿದ್ದರೆ ಮಾತ್ರ.

ರಾತ್ರಿ ರೈಲಿಗೆ ಹೋಗುವವರು ನೆನಪಿಡಿ, ಬಾದಾಮಿ ಸ್ಟೇಷನ್ ಊರಿನಿಂದ ಐದು ಕಿ.ಮೀ. ದೂರ. ಕತ್ತಲಾದ ಮೇಲೆ ಆಟೊ ಹುಡುಕುವ ಬದಲು ಬೆಳಗಿನ ಟ್ಯಾಕ್ಸಿಯವರಿಗೇ ಸ್ಟೇಷನ್ನಿಗೆ ಬಿಡಬೇಕೆಂದು ಹೇಳಿ, ಮೊದಲ ದಿನದ ಮಾತಿನಲ್ಲೇ ಅದನ್ನೂ ಸೇರಿಸಿಕೊಳ್ಳಿ.